‘ಕೊಳೆ’ಯೋ ‘ಕೊಲೆ’ಯೋ? ಪಾಠ ನಾವೇ ತಯಾರಿಸೋಣ

ಮಳೆಗಾಲ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಅಡಿಕೆಯ ಕೊಳೆರೋಗದ ಮಾತಿಲ್ಲದ ಮನೆಯಿಲ್ಲ. ಅದೇ ಪದವನ್ನು ನಮ್ಮ ಮಗು ಶಾಲೆಯ ಉಕ್ತಲೇಖನದಲ್ಲಿ ‘ಕೊಲೆರೋಗ’ ಎಂದು ಬರೆದು, ಕೆಂಪು ಗೀಟು ಹಾಕಿಸಿಕೊಂಡು ಬರುತ್ತದೆ. ‘ಉಮ್ಮಾ, ಎರಡೂ ಒಂದೇ ಅಲ್ವಾ?’ ಎಂದು ಕೇಳಿದರೆ ಉಮ್ಮನಿಗೂ ಉತ್ತರ ಕೊಡೋದು ಕಷ್ಟ.

ಇದು ಮಗುವಿನ ದಡ್ಡತನ ಅಲ್ಲ. ಬ್ಯಾರಿ ಮಾತಿನಲ್ಲಿ ಲ–ಳ, ನ–ಣ ಭೇದ ಉಳಿದಿಲ್ಲ. ಮಲಯಾಳದಲ್ಲಿ ಕರೆಯುವುದಕ್ಕೆ ‘ವಿಳಿ’ ಎಂದರೆ ನಮ್ಮಲ್ಲಿ ‘ಬಿಲಿ’. ‘ವ’ ಹೋಗಿ ‘ಬ’ ಆಯಿತು, ‘ಳ’ ಹೋಗಿ ‘ಲ’ ಆಯಿತು. ಅದು ನಮ್ಮ ಭಾಷೆಯ ಗುಣ, ದೋಷವಲ್ಲ. ಆದರೆ ಕನ್ನಡ ಶಾಲೆಯಲ್ಲಿ ಹುಲಿ ಬೇರೆ, ಹುಳಿ ಬೇರೆ. ಮನೆ ಬೇರೆ, ಮಣೆ ಬೇರೆ. ಬೆಲೆ–ಬೆಳೆ ತಪ್ಪಿದರೆ ಲೆಕ್ಕದ ಪ್ರಶ್ನೆಯೇ ಅರ್ಥವಾಗಲ್ಲ.

2017ರಲ್ಲಿ ಶುರುವಾದ ದೀಕ್ಷಾ ತಾಣದಲ್ಲಿ ಪಾಠಗಳಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊಬೈಲಲ್ಲೇ ತೆರೆದುಕೊಳ್ಳುತ್ತವೆ. ಒಳ್ಳೆಯದೇ. ಆದರೆ ಅವು ಇಡೀ ರಾಜ್ಯದ ಮಕ್ಕಳಿಗಾಗಿ ಮಾಡಿದವು. ಬ್ಯಾರಿ ಮನೆಯ ಮಗು ಎಲ್ಲಿ ಎಡವುತ್ತದೆ ಎಂಬುದು ನಮಗೆ ಗೊತ್ತು. ಹಾಗಾಗಿ ಆ ಪಾಠವನ್ನು ನಾವೇ ಮಾಡಬೇಕು.

ಮಾಡೋದು ಹೇಗೆ? ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಪವರ್‌ಪಾಯಿಂಟ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್ ಇದ್ದರೆ ಸಾಕು. ಮೊದಲು ಮೂರೇ ಜೋಡಿ ಪದ ಆರಿಸಿ. ಹುಳಿಗೆ ಹುಣಸೆಹಣ್ಣು, ಮಣೆಗೆ ಅಡುಗೆಮನೆಯ ಮಣೆ, ಬೆಳೆಗೆ ಪಕ್ಕದ ತೋಟ. ಮೊಬೈಲಲ್ಲೇ ಫೋಟೊ ತೆಗೆಯಿರಿ. ಒಂದು ಪುಟದಲ್ಲಿ ಎರಡು ಚಿತ್ರ, ಒಂದು ಧ್ವನಿ. ಪದ ಕೇಳಿ ಮಗು ಚಿತ್ರ ಒತ್ತಬೇಕು. ಪ್ರತಿ ಚಿತ್ರಕ್ಕೂ ಬೇರೆ ಬೇರೆ ಪುಟದ ಲಿಂಕ್ ಕೊಡಿ. ಪವರ್‌ಪಾಯಿಂಟ್‌ನಲ್ಲಾದರೆ ಟ್ರಾನ್ಸಿಷನ್ಸ್‌ನಲ್ಲಿ ‘ಆನ್ ಮೌಸ್ ಕ್ಲಿಕ್’ ಗುರುತು ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಎಲ್ಲಿ ಒತ್ತಿದರೂ ಪುಟ ಮುಂದೆ ಹೋಗುತ್ತದೆ. ಸರಿಯುತ್ತರ ಯಾವಾಗಲೂ ಎಡಗಡೆಯೇ ಇದ್ದರೆ ಮಕ್ಕಳು ಬೇಗ ಕಂಡುಹಿಡೀತಾರೆ, ಅದನ್ನೂ ಬದಲಿಸುತ್ತಿರಿ.

ಮುಖ್ಯವಾದದ್ದು ತಪ್ಪು ಉತ್ತರದ ಪುಟ. ಅಲ್ಲಿ ‘ತಪ್ಪು’ ಎಂದು ಬರೆದು ಬಿಟ್ಟರೆ ಕೆಂಪು ಗೀಟಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಎರಡೂ ಪದ ಮತ್ತೆ ಕೇಳಿಸಬೇಕು. ‘ಲ’ಕ್ಕೆ ನಾಲಗೆಯ ತುದಿ ಹಲ್ಲಿನ ಹತ್ತಿರ, ‘ಳ’ಕ್ಕೆ ಮೇಲೆ ಮಡಚಿ ಅಂಗುಳಿಗೆ ಎಂದು ತಿಳಿಸಬೇಕು.

ಧ್ವನಿ ಯಾರದ್ದು? ಕನ್ನಡ ಪದಕ್ಕೆ ಲ–ಳ ಸ್ಪಷ್ಟವಾಗಿ ಹೇಳುವ ಟೀಚರನ್ನೋ ನೆರೆಮನೆಯವರನ್ನೋ ಕೇಳಿಕೊಳ್ಳಿ. ವಿವರಣೆ ಮಾತ್ರ ಉಮ್ಮನ ದನಿಯಲ್ಲಿ, ಬ್ಯಾರಿಯಲ್ಲೇ ಇರಲಿ. ಮನೆಮಾತು ಬಿಟ್ಟರೆ ಮಾತ್ರ ಕನ್ನಡ ಬರುತ್ತದೆ ಎಂಬ ಹೆದರಿಕೆ ಮಗುವಿಗೆ ಹತ್ತಬಾರದು.

ಇಷ್ಟು ಕೈಗೆ ಹತ್ತಿದ ಮೇಲೆ ಎಚ್‌5ಪಿ ಕಲಿಯಬಹುದು. ನಾರ್ವೆಯಲ್ಲಿ 2013ರಲ್ಲಿ ಶುರುವಾದ ಉಚಿತ ಸಾಧನ ಅದು. ಲುಮಿ ಎಂಬ ತಂತ್ರಾಂಶದಲ್ಲಿ ಎಚ್‌5ಪಿ ಪಾಠ ತಯಾರಿಸಿ ಒಂದೇ ಫೈಲಾಗಿ ಉಳಿಸಿದರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಮಳೆಗೆ ನೆಟ್‌ವರ್ಕ್ ಹೋಗುವ ನಮ್ಮೂರುಗಳಿಗೆ ಇದೇ ದೊಡ್ಡ ಅನುಕೂಲ.

ಪಾಠ ಮುಗಿದ ಮೇಲೆ ಮಗುವಿನ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಅದು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಬೇಕಾದ್ದು ನಮ್ಮ ಪಾಠವನ್ನು. ಆಮೇಲೆ ಅದನ್ನೇ ಪೆನ್‌ಡ್ರೈವಿನಲ್ಲಿ ಹಾಕಿ ಶಾಲೆಯ ಟೀಚರಿಗೂ ಕೊಡಿ. ಅದೇ ಪದಕ್ಕೆ ಎಡವುವ ಮಗು ಆ ತರಗತಿಯಲ್ಲಿ ಇನ್ನೊಂದಿರಬಹುದು.