ಆಟದ ಬಯಲಿನಲ್ಲಿ ಉಬ್ಬಸ

ಆರೋಗ್ಯವಂತ ಮಗುವು ಓಡಿ ಬಂದಾಗ ಏದುಸಿರು ಬಿಡುವುದು ಸಹಜ. ನಾಲ್ಕು ನಿಮಿಷ ನಿಂತರೆ ಅದು ತಾನಾಗಿಯೇ ಅಡಗುತ್ತದೆ. ಆದರೆ ಓಟವು ಮುಗಿದ ಮೇಲೆ ಉಸಿರು ಅಡಗುವ ಬದಲು ಇನ್ನೂ ಬಿಗಿಯುತ್ತ ಹೋಗಿ, ಎದೆ ಹಿಡಿದುಕೊಂಡು, ಒಣಕೆಮ್ಮು ಬಿಡದೆ ಬಂದು, ಉಸಿರು ಬಿಡುವಾಗ ಸುಯ್ಯೆಂಬ ಸಪ್ಪಳವಾಗುವ ಮಕ್ಕಳು ಕೆಲವರಿರುತ್ತಾರೆ. ಇಂಥ ಮಗುವಿಗೆ ಆಟದ ಮಾಸ್ತರರು ಮೈಗಳ್ಳನೆಂದು ಹೆಸರಿಡುತ್ತಾರೆ, ಒಡನಾಡಿಗಳು ನಗೆಯಾಡುತ್ತಾರೆ, ಮನೆಯ ಹಿರಿಯರು ಮರುಕದಿಂದಲೇ ಆದರೂ ನಾಳೆಯಿಂದ ಆಟ ಬೇಡವೆಂದು ಕಟ್ಟಪ್ಪಣೆ ಮಾಡುತ್ತಾರೆ. ಹೀಗೆ ಒಬ್ಬರ ಅವಹೇಳನ, ಇನ್ನೊಬ್ಬರ ಅತಿಪ್ರೀತಿ ಎರಡೂ ಕೂಡಿ ಮಗುವನ್ನು ಬಯಲಿನ ಅಂಚಿಗೆ ತಂದು ಕೂಡಿಸುತ್ತವೆ. ಇಂಥ ಮಕ್ಕಳಲ್ಲಿ ಬಹುಪಾಲಿನವರಿಗೆ ಇರುವುದು ಉಬ್ಬಸ. ಆ ಉಬ್ಬಸವನ್ನು ಹಿಡಿತಕ್ಕೆ ತಂದು ಮಗುವನ್ನು ಮರಳಿ ಆಟಕ್ಕೆ ಕಳಿಸುವುದೇ ಹಿರಿಯರ ಕರ್ತವ್ಯ ಎಂಬುದನ್ನು ಪಾಲಕರ ಮತ್ತು ಶಿಕ್ಷಕರ ಮುಂದೆ ಇಡಬೇಕೆಂದು ನಾವು ಇಂದು ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ.

ಶ್ರಮಕ್ಕೂ ಶ್ವಾಸರೋಗಕ್ಕೂ ಇರುವ ಸಂಬಂಧವು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಚರಕಸಂಹಿತೆಯು ಶ್ವಾಸರೋಗದ ಕಾರಣಗಳನ್ನೆಣಿಸುವಾಗ ಧೂಳು, ಹೊಗೆ, ಗಾಳಿ, ಚಳಿ, ತಣ್ಣೀರು ಇವುಗಳ ಸಾಲಿನಲ್ಲಿಯೇ ವ್ಯಾಯಾಮವನ್ನೂ ದಾರಿನಡಗೆಯನ್ನೂ ಹೇಳಿದೆ. ಐದು ಬಗೆಯ ಶ್ವಾಸಗಳಲ್ಲಿ ತಮಕಶ್ವಾಸವೆಂಬುದು ಮೋಡ, ಚಳಿ, ಮೂಡಣ ಗಾಳಿಗಳಿಂದ ಉಲ್ಬಣಿಸುವುದೆಂದೂ, ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ನೆಮ್ಮದಿಯೆಂದೂ ಅದು ಹೇಳುತ್ತದೆ. ಉಬ್ಬಸದವರ ಮನೆಯಲ್ಲಿ ರಾತ್ರಿ ಕಳೆದವರಿಗೆ ಈ ಮಾತಿನ ಸತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಕ್ಯಾಪಡೋಸಿಯದ ವೈದ್ಯ ಅರಿಟೀಯಸನು ಓಟ, ಅಂಗಸಾಧನೆಗಳಿಂದ ಉಸಿರು ಕಷ್ಟವಾಗುವುದನ್ನೇ ಈ ರೋಗದ ಲಕ್ಷಣವೆಂದು ಬರೆದನು. ತಾನೇ ಉಬ್ಬಸದಿಂದ ಬಳಲುತ್ತಿದ್ದ ಆಂಗ್ಲ ವೈದ್ಯ ಸರ್ ಜಾನ್ ಫ್ಲಾಯರನು ೧೬೯೮ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ರಚಿಸಿದನು.

ಇದು ಹೇಗೆ ಉಂಟಾಗುತ್ತದೆ? ಸುಮ್ಮನೆ ಕುಳಿತಿರುವ ಪ್ರಾಯದ ಮನುಷ್ಯನು ನಿಮಿಷಕ್ಕೆ ಆರರಿಂದ ಎಂಟು ಲೀಟರಿನಷ್ಟು ಗಾಳಿಯನ್ನು ಮೂಗಿನಿಂದ ಸೇದಿಕೊಳ್ಳುತ್ತಾನೆ. ಮೂಗು ಈ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಕೊಟ್ಟು ಒಳಗೆ ಕಳಿಸುತ್ತದೆ. ಅದೇ ಮನುಷ್ಯನು ಪಂದ್ಯದಲ್ಲಿ ಓಡಹತ್ತಿದರೆ ಬೇಕಾಗುವ ಗಾಳಿಯು ನಿಮಿಷಕ್ಕೆ ನೂರು ಲೀಟರನ್ನು ಮೀರಬಹುದು. ಇಷ್ಟಕ್ಕೆ ಮೂಗು ಸಾಲದೆ ಅವನು ಬಾಯಿ ತೆರೆಯುತ್ತಾನೆ. ಆಗ ಒಣಗಾಳಿಯು ನೇರವಾಗಿ ಶ್ವಾಸನಾಳಗಳಿಗೆ ನುಗ್ಗುತ್ತದೆ. ಶರೀರದ ೩೭ ಅಂಶ ಉಷ್ಣಕ್ಕೆ ಬಂದು ಪೂರ್ಣ ತೇವಗೊಂಡ ಸಾವಿರ ಲೀಟರು ಗಾಳಿಯಲ್ಲಿ ಸುಮಾರು ೪೪ ಗ್ರಾಂ ನೀರಿರುತ್ತದೆ. ಹೊರಗಿನ ಗಾಳಿಯಲ್ಲಿ ಎಷ್ಟು ತೇವ ಕಡಿಮೆಯೋ ಅಷ್ಟನ್ನು ಶ್ವಾಸನಾಳದ ಒಳಪೊರೆಯೇ ಕೊಡಬೇಕು. ಪೊರೆಯು ಒಣಗಿ ಅದರ ಮೇಲಿನ ದ್ರವದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಅಲ್ಲಿರುವ ಮಾಸ್ಟ್ ಕೋಶಗಳು ಕೆರಳಿ ಹಿಸ್ಟಮಿನ್, ಲ್ಯೂಕೋಟ್ರೈಯೀನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ನಾಳವನ್ನು ಸುತ್ತಿದ ಸ್ನಾಯುಗಳು ಬಿಗಿದು ದಾರಿ ಕಿರಿದಾಗುತ್ತದೆ. ಮೊದಲೇ ಉಬ್ಬಸದಿಂದ ಒಳಗೆ ಊತವಿದ್ದವರಲ್ಲಿ ಇದು ಬಲು ಸುಲಭವಾಗಿ ನಡೆಯುತ್ತದೆ. ಮೇಲ್ನೋಟಕ್ಕೆ ಉಬ್ಬಸವಿಲ್ಲದ ಕ್ರೀಡಾಪಟುಗಳಲ್ಲಿಯೂ ಆಗುವುದುಂಟು.

ಒಣ ಚಳಿಗಾಳಿಯಲ್ಲಿ ಗಂಟೆಗಟ್ಟಲೆ ಹಿಮದ ಮೇಲೆ ಜಾರುವ ಶೀತದೇಶದ ಪಟುಗಳಲ್ಲಿ ಈ ತೊಂದರೆ ಹೆಚ್ಚೆಂಬುದೂ, ನೀರಿನ ಮೇಲಿನ ತೇವಗಾಳಿಯನ್ನು ಸೇದುವ ಈಜು ಉಬ್ಬಸದ ಮಕ್ಕಳಿಗೆ ಸಾಮಾನ್ಯವಾಗಿ ಹಿತವೆಂಬುದೂ ಇದರಿಂದಲೇ ತಿಳಿಯುತ್ತದೆ. ಆದರೆ ಕೊಳದ ಕ್ಲೋರಿನ್ನು ಬೆವರು, ಮೂತ್ರಗಳೊಡನೆ ಬೆರೆತು ಹುಟ್ಟುವ ಕ್ಲೋರಮೀನ್ ಎಂಬ ಅನಿಲವು ಎದೆಯನ್ನು ಕೆರಳಿಸುವಂಥದು. ಮುಚ್ಚಿದ ಕೊಳಗಳಲ್ಲಿ ವರ್ಷಾನುಗಟ್ಟಲೆ ಸಾಧನೆ ಮಾಡುವವರು ಈ ಎಚ್ಚರವನ್ನು ಬಿಡಬಾರದು.

ಇದನ್ನು ಗುರುತಿಸುವ ಬಗೆ ಹೇಗೆ? ಕಾಲವೇ ಇಲ್ಲಿ ಮುಖ್ಯ ಸಾಕ್ಷಿ. ಐದೆಂಟು ನಿಮಿಷ ಬಿರುಸಾಗಿ ಶ್ರಮಿಸಿದ ಮೇಲೆ, ಬಹಳ ಸಲ ಆಟವು ನಿಂತ ಮೇಲೆಯೇ, ಬಿಗಿತವು ತೋರುತ್ತದೆ. ನಿಂತ ಐದರಿಂದ ಹದಿನೈದು ನಿಮಿಷಗಳಲ್ಲಿ ಶಿಖರಕ್ಕೇರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಸಣ್ಣ ಮಕ್ಕಳು ಉಸಿರಾಡಲಾಗದೆಂದು ಹೇಳುವುದಿಲ್ಲ. ಹೊಟ್ಟೆನೋವೆನ್ನುತ್ತಾರೆ, ಕಾಲು ಸೋತವೆನ್ನುತ್ತಾರೆ, ಇಲ್ಲವೆ ಸುಮ್ಮನೆ ಆಟದಿಂದ ಜಾರಿಕೊಳ್ಳುತ್ತಾರೆ. ಕೆಮ್ಮೊಂದೇ ಲಕ್ಷಣವಾಗಿರುವುದೂ ಉಂಟು. ಆದರೂ ಏದುಸಿರೆಲ್ಲ ಉಬ್ಬಸವೆಂದು ಪಾಲಕರು ತಾವೇ ನಿರ್ಣಯಿಸತಕ್ಕದ್ದಲ್ಲ. ರಕ್ತಹೀನತೆ ನಮ್ಮ ದೇಶದ ಮಕ್ಕಳಲ್ಲಿ ತೀರ ಸಾಮಾನ್ಯ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ರಷ್ಟು ಮಂದಿಗೆ ಅದು ಇದ್ದಿತು. ಹೃದ್ರೋಗವಿರಬಹುದು, ಬರಿಯ ಅಭ್ಯಾಸದ ಕೊರತೆಯಿರಬಹುದು. ಗಂಟಲಿನ ಧ್ವನಿಪೆಟ್ಟಿಗೆಯೇ ಶ್ರಮದಲ್ಲಿ ಕಿರಿದಾಗುವ ಬೇರೊಂದು ತೊಂದರೆಯೂ ಇದೆ. ಅದರಲ್ಲಿ ಉಸಿರು ಒಳಗೆಳೆಯುವಾಗ ಸಪ್ಪಳವಾಗಿ, ಆಟ ನಿಂತ ಕೆಲವೇ ನಿಮಿಷಗಳಲ್ಲಿ ಅಡಗುತ್ತದೆ. ಇದಕ್ಕೆ ಉಬ್ಬಸದ ಔಷಧ ನಾಟುವುದಿಲ್ಲ. ವೈದ್ಯರು ಮಗುವನ್ನು ಆರರಿಂದ ಎಂಟು ನಿಮಿಷ ಓಡಿಸಿ, ಮೊದಲು ಮತ್ತು ಆಮೇಲೆ ಒಂದು ಸೆಕೆಂಡಿನಲ್ಲಿ ಊದಿ ಹೊರಬಿಡುವ ಗಾಳಿಯನ್ನು ಅಳೆದು ನೋಡುತ್ತಾರೆ. ಅದು ನೂರಕ್ಕೆ ಹತ್ತು ಇಲ್ಲವೆ ಹೆಚ್ಚು ಇಳಿದರೆ ರೋಗವಿದೆಯೆಂಬುದಕ್ಕೆ ಆಧಾರ ಸಿಕ್ಕಿತು.

ಇರಲಿ. ಉಬ್ಬಸವುಳ್ಳವರು ಆಟಕ್ಕೆ ತಕ್ಕವರಲ್ಲವೆಂಬ ನಂಬುಗೆಗೆ ಕ್ರೀಡಾಲೋಕದ ಇತಿಹಾಸವೇ ಉತ್ತರ ಕೊಟ್ಟಿದೆ. ೧೯೮೪ರ ಲಾಸ್ ಏಂಜಲಿಸ್ ಒಲಿಂಪಿಕ್ ಪಂದ್ಯಗಳಿಗೆ ಹೊರಟ ಅಮೆರಿಕದ ೫೯೭ ಪಟುಗಳನ್ನು ಪರೀಕ್ಷಿಸಲಾಗಿ ೬೭ ಮಂದಿಗೆ ಶ್ರಮದಿಂದ ಶ್ವಾಸನಾಳ ಬಿಗಿಯುವ ತೊಂದರೆ ಇದ್ದಿತು. ಆ ೬೭ ಮಂದಿಯೇ ೪೧ ಪದಕಗಳನ್ನು ಗೆದ್ದು ತಂದರು. ಉಬ್ಬಸದೊಡನೆ ಬಾಳಿದ ಜ್ಯಾಕಿ ಜಾಯ್ನರ್-ಕರ್ಸಿಯು ೧೯೮೮ರಲ್ಲಿ ಸೋಲ್ ನಗರದಲ್ಲಿ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನಿನಲ್ಲಿ ೭೨೯೧ ಅಂಕ ಗಳಿಸಿ ಮೂರು ದಶಕಗಳಿಗೂ ಮೀರಿ ಬಾಳಿದ ಜಾಗತಿಕ ದಾಖಲೆಯನ್ನು ನಿಲ್ಲಿಸಿದಳು. ಬಾಲ್ಯದಿಂದ ಈ ತೊಂದರೆಯಿದ್ದ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ೨೦೦೩ರಲ್ಲಿ ಲಂಡನ್ ಮ್ಯಾರಥಾನನ್ನು ೨ ಗಂಟೆ ೧೫ ನಿಮಿಷ ೨೫ ಸೆಕೆಂಡುಗಳಲ್ಲಿ ಓಡಿ ಮುಗಿಸಿದಾಗ ಅದು ಸ್ತ್ರೀಯರ ಜಾಗತಿಕ ದಾಖಲೆಯಾಯಿತು. ೨೦೧೯ರವರೆಗೆ ಅದನ್ನು ಯಾರೂ ಮುರಿಯಲಿಲ್ಲ.

ಆದರೆ ರೋಗಿಯ ಮೇಲೆ ನಡೆದ ಒಂದು ಅನ್ಯಾಯವನ್ನೂ ಇಲ್ಲಿ ನೆನೆಯಬೇಕು. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹದಿನಾರು ವರುಷದ ರಿಕ್ ಡಿಮಾಂಟ್ ಎಂಬ ಅಮೆರಿಕದ ಹುಡುಗನು ೪೦೦ ಮೀಟರು ಈಜಿನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಸ್ವರ್ಣಪದಕ ಗೆದ್ದನು. ಅವನ ಉಬ್ಬಸದ ಔಷಧದಲ್ಲಿ ಎಫೆಡ್ರೀನ್ ಇದ್ದಿತೆಂಬ ಕಾರಣಕ್ಕೆ ಆ ಪದಕವನ್ನು ಕಸಿದುಕೊಳ್ಳಲಾಯಿತು. ಔಷಧದ ಸಂಗತಿಯನ್ನು ಹುಡುಗನು ಮೊದಲೇ ಬರೆದುಕೊಟ್ಟಿದ್ದನು. ಮುಂದಿನ ಒಪ್ಪಿಗೆಯನ್ನು ಪಡೆಯಬೇಕಾದವರು ಹಿರಿಯರು, ದಂಡ ತೆತ್ತವನು ಬಾಲಕ. ಮರುವರ್ಷವೇ ಬೆಲ್‌ಗ್ರೇಡಿನಲ್ಲಿ ಅವನು ಅದೇ ದೂರವನ್ನು ನಾಲ್ಕು ನಿಮಿಷದೊಳಗೆ ಈಜಿದ ಮೊದಲ ಪುರುಷನೆನಿಸಿದನು. ಅವನು ಔಷಧದ ಸಂಗತಿಯನ್ನು ಸರಿಯಾಗಿಯೇ ತಿಳಿಸಿದ್ದನೆಂದು ಅಮೆರಿಕದ ಒಲಿಂಪಿಕ್ ಸಮಿತಿಯು ಒಪ್ಪಿಕೊಂಡದ್ದು ೨೦೦೧ರಲ್ಲಿ, ಇಪ್ಪತ್ತೊಂಬತ್ತು ವರ್ಷಗಳ ತರುವಾಯ! ಇಂದು ನಿಯಮಗಳು ಸ್ಪಷ್ಟವಾಗಿವೆ. ಸೇದುವ ಸಾಲ್ಬುಟಮಾಲ್ ಔಷಧವನ್ನು ಗೊತ್ತುಪಡಿಸಿದ ಮಿತಿಯೊಳಗೆ ಬಳಸಲು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಅಡ್ಡಿಯಿಲ್ಲ. ಬೇರೆ ಕೆಲವು ಔಷಧಗಳಿಗೆ ಮುಂಗಡ ಅನುಮತಿ ಬೇಕು. ನಮ್ಮ ತರಬೇತುದಾರರು ಇದನ್ನು ತಿಳಿದಿರತಕ್ಕದ್ದು.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ ಮಕ್ಕಳ ಶ್ವಾಸರೋಗತಜ್ಞ ಡಾ. ಎಚ್. ಪರಮೇಶರು ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಪರಿಶೀಲಿಸಿದಾಗ, ೧೯೭೯ರಲ್ಲಿ ಅವರಲ್ಲಿ ನೂರಕ್ಕೆ ೯ರಷ್ಟಿದ್ದ ಉಬ್ಬಸವು ೧೯೯೯ರ ಹೊತ್ತಿಗೆ ೨೯.೫ಕ್ಕೆ ಏರಿತ್ತು. ಅವರು ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯು ಇನ್ನೂ ಮನಸ್ಸಿಗೆ ನಾಟುವಂಥದು. ವಾಹನಗಳ ದಟ್ಟಣೆ ಕಡಿಮೆಯಿದ್ದ ಕಡೆಯ ಶಾಲೆಗಳಲ್ಲಿ ನೂರಕ್ಕೆ ೧೧ ಮಕ್ಕಳಿಗೆ ಉಬ್ಬಸವಿದ್ದರೆ, ದಟ್ಟಣೆಯ ಕಡೆಯಲ್ಲಿ ೧೯. ದಟ್ಟಣೆಯೂ ಬಡತನವೂ ಕೂಡಿದ ಕಡೆಯಲ್ಲಿ ೩೧. ಹೊಗೆಯನ್ನು ಎಬ್ಬಿಸಿದವರು ಒಬ್ಬರು, ಅದನ್ನು ಸೇದುವವರು ಬಡವರ ಮಕ್ಕಳು! ೨೦೧೭ರ ಡಿಸೆಂಬರಿನಲ್ಲಿ ದಿಲ್ಲಿಯ ಟೆಸ್ಟ್ ಪಂದ್ಯದಲ್ಲಿ ಶ್ರೀಲಂಕೆಯ ಆಟಗಾರರು ಮುಖಕ್ಕೆ ಮುಸುಕು ಕಟ್ಟಿಕೊಂಡು ನಿಂತಾಗ ಆಟವೇ ನಿಂತಿತು, ದೇಶವೆಲ್ಲ ಚರ್ಚಿಸಿತು. ಹೆದ್ದಾರಿಯ ಪಕ್ಕದ ಶಾಲೆಯ ಮಗುವು ದಿನಾಲು ಅಂಥದೇ ಗಾಳಿಯಲ್ಲಿ ಕವಾಯತು ಮಾಡಿದರೆ ಯಾವ ಪಂದ್ಯವೂ ನಿಲ್ಲುವುದಿಲ್ಲ.

ಗಾಳಿಯನ್ನು ಶುದ್ಧಗೊಳಿಸುವುದು ನಗರಸಭೆಗಳ ಮತ್ತು ಸರಕಾರದ ಹೊಣೆ. ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಔಷಧದ ವಿಷಯದಲ್ಲಿ ನಮ್ಮ ಮನಸ್ಸಿನೊಳಗಿನ ಹೊಗೆಯನ್ನು ಇಂದೇ ಓಡಿಸಬಹುದು. ಇನ್ಹೇಲರ್ ಒಮ್ಮೆ ಹಿಡಿದರೆ ಚಟವಾಗುವುದೆಂದೂ, ಅದು ಕಡೆಗಾಲದ ಔಷಧವೆಂದೂ, ಹೆಣ್ಣುಮಗುವಿನ ಕೈಯಲ್ಲಿ ಕಂಡರೆ ಮುಂದೆ ಮದುವೆಗೆ ತೊಡಕೆಂದೂ ಹೆದರಿ ಅದನ್ನು ಬಚ್ಚಿಡುವ ಮನೆಗಳು ಎಷ್ಟೋ ಇವೆ. ವಸ್ತುಸ್ಥಿತಿಯನ್ನು ವಿಚಾರಿಸೋಣ. ಸಾಲ್ಬುಟಮಾಲ್ ಮಾತ್ರೆಯಲ್ಲಿ ಎರಡರಿಂದ ನಾಲ್ಕು ಮಿಲಿಗ್ರಾಂ ಔಷಧವಿದ್ದರೆ, ಇನ್ಹೇಲರಿನ ಒಂದು ಸೇದುವಿಕೆಯಲ್ಲಿ ಇರುವುದು ೧೦೦ ಮೈಕ್ರೋಗ್ರಾಂ; ಎಂದರೆ ಇಪ್ಪತ್ತರಿಂದ ನಲವತ್ತನೆಯ ಒಂದು ಪಾಲು. ಮಾತ್ರೆಯು ಮೈಯೆಲ್ಲ ಸುತ್ತಿ ಬರಬೇಕು. ಸೇದಿದ ಔಷಧವು ಬೇಕಾದಲ್ಲಿಗೇ ನೇರವಾಗಿ ಹೋಗುತ್ತದೆ. ಇದನ್ನು ಬಳಸುವುದರಿಂದ ಚಟ ಹತ್ತುವುದಿಲ್ಲ.

ಆದರೆ ಔಷಧಗಳಲ್ಲಿ ಎರಡು ಬಗೆಯಿವೆಯೆಂಬುದನ್ನು ಮರೆಯಬಾರದು. ಒಂದು, ಬಿಗಿದ ಸ್ನಾಯುವನ್ನು ಆ ಕ್ಷಣಕ್ಕೆ ಸಡಿಲಿಸುವಂಥದು. ಆಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಅದು ತಡೆಯೂ ಆಗುತ್ತದೆ. ಇನ್ನೊಂದು, ಒಳಗಿನ ಊತವನ್ನು ಅಡಗಿಸುವ ಅತ್ಯಲ್ಪ ಪ್ರಮಾಣದ ಸ್ಟೀರಾಯ್ಡ್. ಬರಿಯ ಮೊದಲನೆಯದನ್ನೇ ದಿನಾಲು ನೆಚ್ಚಿಕೊಂಡರೆ ಅದರ ಗುಣ ಕುಗ್ಗುತ್ತದೆ, ರೋಗ ಒಳಗೊಳಗೇ ಬೆಳೆಯುತ್ತದೆ. ಈ ಕಾರಣದಿಂದಲೇ ಉಬ್ಬಸದ ಅಂತರರಾಷ್ಟ್ರೀಯ ಮಾರ್ಗದರ್ಶಿಯಾದ ‘ಗೀನಾ’ವು ೨೦೧೯ರಲ್ಲಿ, ಹದಿಹರೆಯದವರಿಗೂ ದೊಡ್ಡವರಿಗೂ ಸಡಿಲಿಸುವ ಔಷಧವೊಂದನ್ನೇ ಕೊಡುವುದು ಸಲ್ಲದೆಂದು ಸಾರಿತು. ಆಡುವಾಗಲೆಲ್ಲ ಉಬ್ಬಸ ಕಾಣುವ ಮಗುವಿಗೆ ಆಟವನ್ನು ಬಿಡಿಸಬೇಕಾಗಿಲ್ಲ; ಅದರ ಚಿಕಿತ್ಸೆಯನ್ನು ವೈದ್ಯರು ಮತ್ತೆ ಪರಿಶೀಲಿಸಬೇಕಾಗಿದೆ.

ಹಾಗಾದರೆ ಶಾಲೆಗಳು ಮಾಡತಕ್ಕುದೇನು? ಹೆಚ್ಚಿನ ಖರ್ಚಿನದೇನೂ ಇಲ್ಲ. ಉಬ್ಬಸವುಳ್ಳ ಮಕ್ಕಳ ಹೆಸರೂ ಔಷಧವೂ ಆಟದ ಮಾಸ್ತರರಿಗೆ ಗೊತ್ತಿರಲಿ. ಇನ್ಹೇಲರು ಮುಖ್ಯೋಪಾಧ್ಯಾಯರ ಕೀಲಿ ಹಾಕಿದ ಕಪಾಟಿನಲ್ಲಿರದೆ ಬಯಲಿನಲ್ಲಿಯೇ ಮಗುವಿನ ಕೈಗೆ ಸಿಗಲಿ. ಚಿಕ್ಕವರಿಗೆ ಸ್ಪೇಸರ್ ಎಂಬ ಕೊಳವೆಯ ಮೂಲಕ ಸೇದಿಸುವುದನ್ನು ಮಾಸ್ತರರು ಕಲಿತಿರಲಿ. ಬಿರುಸಿನ ಆಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ನಡುನಡುವೆ ವಿರಾಮ ಕೊಟ್ಟು ಮೈ ಬೆಚ್ಚಗಾಗುವಂತೆ ಓಡಿಸಿದರೆ ಬಿಗಿತವು ಎಷ್ಟೋ ತಗ್ಗುತ್ತದೆ. ಚಳಿಯ ಮುಂಜಾವಿನಲ್ಲಿ ಮೂಗು ಬಾಯಿಗೆ ವಸ್ತ್ರ ಸುತ್ತಿಕೊಳ್ಳಲು ಬಿಡಬೇಕು. ಹೊಗೆ ದಟ್ಟವಾದ ದಿನ, ನೆಗಡಿ ಜ್ವರದ ದಿನ ಬಲವಂತದ ಓಟ ಬೇಡ. ಮಗುವು ಒಂದು ಮಾತನ್ನು ಪೂರ್ತಿ ಆಡಲಾರದೆ ತಡವರಿಸಿದರೆ, ತುಟಿ ನೀಲಿಗಟ್ಟಿದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆದರೆ, ನೆಟ್ಟಗೆ ಕೂಡಿಸಿ ಸಡಿಲಿಸುವ ಔಷಧವನ್ನು ಸೇದಿಸಿ, ಕೂಡಲೆ ೧೦೮ಕ್ಕೆ ಕರೆ ಮಾಡಬೇಕು. ಮಲಗಿಸಬಾರದು, ಮನೆಯವರು ಬರಲೆಂದು ಕಾಯಲೂಬಾರದು.

ವ್ಯಾಯಾಮವು ಉಬ್ಬಸವನ್ನು ಕೆರಳಿಸುವುದು ನಿಜ; ಹಿಡಿತದಲ್ಲಿಟ್ಟ ಉಬ್ಬಸದವನಿಗೆ ಕ್ರಮವಾದ ವ್ಯಾಯಾಮವು ಹಿತಕಾರಿಯೆಂಬುದೂ ಅಷ್ಟೇ ನಿಜ. ಆಟವನ್ನು ಬಿಟ್ಟ ಮಗುವು ಮೈಬಲವನ್ನು ಕಳೆದುಕೊಳ್ಳುತ್ತದೆ. ಮೈಬಲ ಕುಂದಿದಂತೆ ಸಣ್ಣ ಶ್ರಮಕ್ಕೂ ಏದುಸಿರು ಬರುತ್ತದೆ. ಅದನ್ನು ಕಂಡು ಹಿರಿಯರು ಇನ್ನಷ್ಟು ನಿರ್ಬಂಧಿಸುತ್ತಾರೆ. ಈ ಸುಳಿಯಿಂದ ಮಗುವನ್ನು ಎತ್ತುವುದಕ್ಕೆ ವೈದ್ಯರ ಒಂದು ಭೆಟ್ಟಿ, ಮಾಸ್ತರರ ತುಸು ತಿಳಿವಳಿಕೆ, ತಾಯಿತಂದೆಗಳ ತುಸು ಧೈರ್ಯ ಸಾಕು. ಬರುವ ಕ್ರೀಡಾದಿನಕ್ಕೆ ಮೊದಲು ಪ್ರತಿಯೊಂದು ಶಾಲೆಯೂ ತನ್ನ ಪಟ್ಟಿಯನ್ನು ತೆರೆದು, ಆಟದಿಂದ ವಿನಾಯಿತಿ ಪಡೆದ ಮಕ್ಕಳೆಷ್ಟು, ಅವರಲ್ಲಿ ವೈದ್ಯರ ಪರೀಕ್ಷೆಯಾದವರೆಷ್ಟು ಎಂಬುದನ್ನೊಮ್ಮೆ ಎಣಿಸಿ ನೋಡಲೆಂದು ನಾವು ಸವಿನಯವಾಗಿ ಸೂಚಿಸುತ್ತೇವೆ.