ಅಲ್ಲ, ಇಲ್ಲ ಮತ್ತು ಉಜ್ಬೇಕ್

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳು 'ಉರ್ದು, ಮರಾಠಿ ಬರುತ್ತಲ್ಲ, ಕನ್ನಡ ಯಾಕೆ ಟೀಚರ್?' ಅಂತಾರೆ. ಬಾಬರ್ ಬರೆದ ಚಗತಾಯಿಯ ಸಂತತಿಯಾದ ಉಜ್ಬೇಕ್ ಕಲಿತು ನೋಡಿ, ಉತ್ತರ ಸಿಗುತ್ತದೆ.

ಪ್ರಶ್ನೆಗೆ ಉರ್ದುವಿನ 'ಕ್ಯಾ' ಸಾಮಾನ್ಯವಾಗಿ ಮೊದಲು ಬರುತ್ತೆ. ಉಜ್ಬೇಕಿನಲ್ಲಿ ಕನ್ನಡದ ಹಾಗೆ ಕೊನೆಗೆ: 'ಬು ಕಿತೋಬ್' ಇದು ಪುಸ್ತಕ, 'ಬು ಕಿತೋಬ್‌ಮಿ?' ಇದು ಪುಸ್ತಕನಾ? 'ಕಿಮ್' (ಯಾರು) ಇದ್ದರೆ 'ಮಿ' ಬೇಡ: 'ಬು ಕಿಮ್?'

ಅಲ್ಲ, ಇಲ್ಲ ಎರಡಕ್ಕೂ ಉರ್ದುವಿನಲ್ಲಿ 'ನಹೀಂ'. ಉಜ್ಬೇಕಿನಲ್ಲಿ ಬೇರೆ ಬೇರೆ: 'ಬು ಕಿತೋಬ್ ಎಮಸ್' ಇದು ಪುಸ್ತಕ ಅಲ್ಲ, 'ಕಿತೋಬ್ ಯೋಕ್' ಪುಸ್ತಕ ಇಲ್ಲ. ಕ್ರಿಯಾಪದಕ್ಕೆ ಧಾತುವಿನ ನಂತರ 'ಮ': 'ಬಿಲಮನ್' ನನಗೆ ಗೊತ್ತು, 'ಬಿಲ್ಮಯ್ಮನ್' ಗೊತ್ತಿಲ್ಲ.

ಅಲ್ಲ-ಇಲ್ಲ ಬಲ್ಲ ಮಗುವಿಗೆ ಅರ್ಧ ಪಾಠ ಮನೆಯಲ್ಲೇ ಆಗಿದೆ. ಕನ್ನಡ ಬಿಡಿಸಬೇಡಿ.