ಚಿತ್ರಕ್ಕೆ ಕುಳಿತ ಶಾಂತಿ

ಶಾಂತಿಗೆ ಆಕಾರವಿಲ್ಲ. ಆದರೂ ಅದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮನುಷ್ಯನನ್ನು ಬಿಟ್ಟಿಲ್ಲ. ಮನೆಯೊಳಗೆ ಚಾಪೆ ಹಾಸಿ, ದೀಪ ಹಚ್ಚಿ, ಒಬ್ಬರನ್ನು ಕಣ್ಣು ಮುಚ್ಚಿಸಿ ಕೂರಿಸಿ ತೆಗೆದ ಛಾಯಾಚಿತ್ರಗಳು ಇಂದು ಕ್ಯಾಲೆಂಡರಿನಿಂದ ಮೊಬೈಲಿನವರೆಗೆ ಎಲ್ಲೆಲ್ಲೂ ಇವೆ. ಅವುಗಳಲ್ಲಿ ಹಲವು ವೈದ್ಯನ ಕಣ್ಣಿಗೆ ಶಾಂತವಾಗಿ ತೋರುವುದಿಲ್ಲ. ಹುಬ್ಬುಗಳ ನಡುವೆ ಗೆರೆ, ಬಿಗಿದ ದವಡೆ, ಕಿವಿಯತ್ತ ಏರಿದ ಹೆಗಲು. ಚಿನ್ಮುದ್ರೆಯಲ್ಲಿ ಬೆರಳಿಗೆ ಬೆರಳನ್ನು ಒತ್ತಿ ಬಿಳಿಚಿದ ಉಗುರು. ಮುಚ್ಚಿದ ರೆಪ್ಪೆಯ ಅಂಚಿನ ಸುಕ್ಕು ಕಂಡರೆ ಸಾಕು, ಕಣ್ಣು ತಾನಾಗಿ ಮುಚ್ಚಿಲ್ಲ, ಬಲವಂತದಿಂದ ಮುಚ್ಚಿಸಿದ್ದಾರೆ ಎಂದು ತಿಳಿಯುತ್ತದೆ.

ಹಾಗೆಂದು ಕೂರಿಸಿ ತೆಗೆದ ಚಿತ್ರವೆಲ್ಲ ಸುಳ್ಳಲ್ಲ. ಬೆಂಗಳೂರಿನ ಜಿ.ಜಿ. ವೆಲ್ಲಿಂಗ್ ಅವರು 1946ರಲ್ಲಿ ತೆಗೆದ ರಮಣ ಮಹರ್ಷಿಗಳ ಭಾವಚಿತ್ರವನ್ನು ನೋಡದವರು ವಿರಳ. 1966ರಲ್ಲಿ ಪ್ರಕಟವಾದ ಬಿ.ಕೆ.ಎಸ್. ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ ಗ್ರಂಥದ ಸುಮಾರು 600 ಚಿತ್ರಗಳ ಹಿಂದೆಯೂ ಇದೇ ವೆಲ್ಲಿಂಗ್ ಅವರ ಸ್ಟುಡಿಯೋ ಇತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ನಮ್ಮ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತ ಅಯ್ಯಂಗಾರರು ಆ ಚಿತ್ರಗಳಲ್ಲಿ ಎಷ್ಟೋ ಕಠಿಣ ಆಸನಗಳನ್ನು ತೋರಿದ್ದಾರೆ. ನಮಗೆ ಮಾತ್ರ ಪುಸ್ತಕದ ಕೊನೆಯ ಭಾಗದ ಶವಾಸನದ ಚಿತ್ರವೇ ಅಚ್ಚುಮೆಚ್ಚು. ಮಲಗಿದ ಒಬ್ಬ ಮನುಷ್ಯ, ಬೇರೇನೂ ಇಲ್ಲ. ನೋಡಲು ಸುಲಭವಾದ ಈ ಆಸನವೇ ಸಾಧಿಸಲು ಅತಿ ಕಷ್ಟವೆಂದು ಅವರೇ ಬರೆದಿದ್ದಾರೆ.

ಚಿತ್ರ ತೆಗೆಯುವವರು ‘ಶಾಂತವಾಗಿರಿ’ ಎಂದು ಆಜ್ಞಾಪಿಸಿದರೆ ಕುಳಿತವರು ಮೊದಲು ಮಾಡುವ ಕೆಲಸ ಉಸಿರು ಬಿಗಿಹಿಡಿಯುವುದು. ಎದೆಯುಬ್ಬಿ ಹೆಗಲು ಏರುತ್ತದೆ. ಫ್ಲಾಶ್ ಹೊಳೆದರೆ ರೆಪ್ಪೆ ಬೆಚ್ಚುತ್ತದೆ. ಆದುದರಿಂದ ಏರ್ಪಡಿಸಬೇಕಾದದ್ದು ಮುಖವನ್ನಲ್ಲ, ಸುತ್ತಲಿನ ಸನ್ನಿವೇಶವನ್ನು. ಒಂದೇ ಕಿಟಕಿಯ ಬೆಳಕು, ಅದಕ್ಕೆದುರಾಗಿ ಹಿಡಿದ ಒಂದು ಬಿಳಿ ಪಂಚೆ, ಬೆನ್ನಿಗೆ ಗೋಡೆಯ ಆಸರೆ, ಹೊಟ್ಟೆಯನ್ನು ಬಿಗಿಯದ ಉಡುಪು. ಮಂಡಿನೋವಿರುವವರಿಗೆ ಪದ್ಮಾಸನದ ಶಿಕ್ಷೆ ಬೇಡ, ಕುರ್ಚಿಯೇ ಸಾಕು. ಕಾಲು ಗಂಟೆ ಕ್ಯಾಮರಾವನ್ನು ಮುಟ್ಟದೆ ಕಾದು, ಉಸಿರು ಹೊರಹೋದ ಮೇಲೆ ಒಳಬರುವ ಮುನ್ನ ದೊರೆಯುವ ಕಿರು ವಿರಾಮದಲ್ಲಿ ಚಿತ್ರ ತೆಗೆಯಬೇಕು. ನಿಃಶ್ವಾಸದ ವೇಳೆ ಹೃದಯದ ಬಡಿತ ತುಸು ನಿಧಾನಿಸುವುದು ಶರೀರದ ಸಹಜಧರ್ಮ. ನಿದ್ರೆ ಬಾರದೆಂದು ನಮ್ಮಲ್ಲಿಗೆ ಬರುವವರಿಗೂ ನಾವು ಹೇಳುವುದು ಹೆಚ್ಚುಕಡಿಮೆ ಇದನ್ನೇ: ಬೆಳಕು ತಗ್ಗಿಸಿ, ಹೊಟ್ಟೆ ಹಗುರವಾಗಿರಲಿ, ಅಂಗಾಲಿಗೆ ತುಸು ಎಣ್ಣೆ ಸವರಿ, ಉಸಿರು ಬಿಡುವುದನ್ನು ದೀರ್ಘವಾಗಿಸಿ. ನಿದ್ರೆಯನ್ನು ಕರೆಯಲು ಹೋಗಬೇಡಿ.

ವೇಣುಗೋಪಾಲಸ್ವಾಮಿ ದೇವಾಲಯದಿಂದ ಪ್ರಸಿದ್ಧವಾದ ಹೆಮ್ಮರಗಾಲದಿಂದ ಒಬ್ಬ ಯುವಕ ಕೆಲವು ವರ್ಷಗಳ ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದ. ಬಂದದ್ದು ತನ್ನ ಅಜೀರ್ಣಕ್ಕೆ. ಹೊರಡುವಾಗ ಮೊಬೈಲ್ ತೆರೆದು, “ಡಾಕ್ಟ್ರೇ, ಇದೊಂದು ನೋಡಿ, ಸ್ಪರ್ಧೆಗೆ ಕಳಿಸ್ತಾ ಇದೀನಿ. ‘ಪ್ರಶಾಂತತೆ’ ಅಂತ ಹೆಸರಿಟ್ಟಿದೀನಿ” ಎಂದ. ಹಳೆಯ ಮನೆಯ ಪಡಸಾಲೆ, ಓರೆಯಾಗಿ ಬಿದ್ದ ಬೆಳಗಿನ ಬಿಸಿಲು, ಕಂಬಕ್ಕೊರಗಿ ಕುಳಿತ ತಾತ. ನಿಜಕ್ಕೂ ಸೊಗಸಾದ ಚಿತ್ರ. “ಒಂದು ಗಂಟೆ ಕೂತಿದ್ರೂ ಅಲುಗಾಡಲಿಲ್ಲ, ರೆಪ್ಪೇನೂ ಬಡಿಯಲಿಲ್ಲ” ಎಂದು ಅವನು ಹಿಗ್ಗಿದ. ಆ ಮಾತೇ ನಮ್ಮನ್ನು ತಡೆದು ನಿಲ್ಲಿಸಿತು. ಆರೋಗ್ಯವಂತರ ರೆಪ್ಪೆ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ಬಡಿಯುತ್ತದೆ. ಚಿತ್ರದಲ್ಲಿ ತಾತನ ಒಂದು ಕೈ ಇನ್ನೊಂದನ್ನು ಅದುಮಿಕೊಂಡಿತ್ತು. ದನಿ ತಗ್ಗಿದೆಯೇ, ನಡೆಯುವಾಗ ಒಂದು ಕೈ ಬೀಸುವುದಿಲ್ಲವೇ, ಸಹಿ ಚಿಕ್ಕದಾಗಿದೆಯೇ, ಮಲಬದ್ಧತೆಯಿದೆಯೇ ಎಂದು ಕೇಳುತ್ತ ಹೋದೆವು. ನಾಲ್ಕಕ್ಕೂ ಹೌದೆಂದ. “ವಯಸ್ಸಾಯ್ತಲ್ಲ, ತಾತ ಈಗ ತುಂಬಾ ಶಾಂತ ಆಗ್ಬಿಟ್ಟಿದಾರೆ ಅಂತ ಮನೇಲಿ ಅಂದ್ಕೊಂಡಿದ್ವಿ” ಎಂದ.

ಅದು ಕಂಪವಾತ, ಪಾರ್ಕಿನ್ಸನ್ ಕಾಯಿಲೆ ಎಂದು ಜನ ಬಲ್ಲ ವ್ಯಾಧಿ. ನಡುಕವೊಂದೇ ಅದರ ಲಕ್ಷಣವೆಂದು ತಿಳಿದವರೇ ಹೆಚ್ಚು. ಮುಖದ ಸ್ನಾಯುಗಳ ಚಲನೆ ಕುಗ್ಗಿ, ಮುಖವಾಡ ತೊಟ್ಟಂತಾಗುವುದೂ ಅದರ ಗುರುತೇ. ನರರೋಗ ತಜ್ಞರ ಬಳಿಗೆ ಕಳುಹಿಸಿದೆವು. ಅವರೂ ಅದನ್ನೇ ಖಚಿತಪಡಿಸಿದರು. ಔಷಧ ಆರಂಭವಾದ ಕೆಲವು ತಿಂಗಳಲ್ಲಿ ತಾತ ಮೊದಲಿನಂತೆ ಗದರಲು ಶುರುಮಾಡಿದ್ದಾರೆಂಬ ಶುಭವಾರ್ತೆಯೂ ಬಂತು!

ನಮ್ಮ ವೈದ್ಯದಲ್ಲಿ ಈ ವ್ಯಾಧಿಗೆ ಬಳಸುವ ಆತ್ಮಗುಪ್ತ, ಅಂದರೆ ನಸುಗುನ್ನಿ ಬೀಜದಲ್ಲಿ, ಲೆವೊಡೋಪಾ ಎಂಬ ಅಂಶ ಸಹಜವಾಗಿಯೇ ಇದೆ. ಆಸ್ಪತ್ರೆಯ ಮಾತ್ರೆಯಲ್ಲಿರುವುದೂ ಅದೇ. ಆ ಕಾರಣದಿಂದಲೇ ಎರಡನ್ನೂ ತಾವಾಗಿ ಒಟ್ಟಿಗೆ ಸೇವಿಸುವುದು ಅಪಾಯಕರ. ವೈದ್ಯರಿಬ್ಬರಿಗೂ ತಿಳಿಸದೆ ಬೀಜ ಪುಡಿಮಾಡಿ ಕುಡಿಯಬಾರದು.

ಮನಸ್ಸು, ಇಂದ್ರಿಯಗಳು ಪ್ರಸನ್ನವಾಗಿರುವುದನ್ನೂ ಸುಶ್ರುತರು ಆರೋಗ್ಯದ ಲಕ್ಷಣದಲ್ಲಿ ಸೇರಿಸಿದ್ದಾರೆ. ಪ್ರಸನ್ನತೆ ಜಡತ್ವವಲ್ಲ. ಶಾಂತರಾದ ಹಿರಿಯರು ಮೊಮ್ಮಗು ಬಂದರೆ ಕಣ್ಣರಳಿಸುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದರೆ ಮುಖ ಕಿವುಚುತ್ತಾರೆ. ಮಾತು, ಊಟ, ಪೂಜೆ ಎಲ್ಲದರಲ್ಲೂ ಆಸಕ್ತಿ ತೊರೆದು ಮೌನವಾದವರಲ್ಲಿ ಖಿನ್ನತೆಯಿರಬಹುದು. ಅದನ್ನು ವೈರಾಗ್ಯವೆಂದು ಹೊಗಳಿ ಸುಮ್ಮನಾಗುವ ಮನೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಮನೆಯ ಹಿರಿಯರ ಐದು ವರ್ಷ ಹಿಂದಿನ ಮದುವೆಮನೆಯ ಚಿತ್ರವೊಂದನ್ನೂ ಈಚಿನದೊಂದನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಗು, ನೋಟ, ಕೈಗಳ ನಿಲುವು ಬದಲಾಗಿದ್ದರೆ ಆ ಎರಡು ಚಿತ್ರಗಳನ್ನೂ ಅವರನ್ನೂ ವೈದ್ಯರ ಬಳಿಗೆ ಕರೆತನ್ನಿ.